ನಿಶಾನೆಗೆ ನೀರು ಹಾಯಿಸುವವರು

ಕರಾವಳಿಯ ಕೆಸರುನೀರಿನ ಕೋಣಗಳ ಓಟವಾದ ಕಂಬಳದ ಆರು ವಿಭಾಗಗಳಲ್ಲಿ ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಈ ಐದರ ತೀರ್ಪು ವೇಗದ ಮೇಲೆ. ಕನೆಹಲಗೆಯದು ಮಾತ್ರ ಎತ್ತರದ ಲೆಕ್ಕ. ಕೋಣಗಳು ಎಷ್ಟು ಬೇಗ ಓಟ ಮುಗಿಯುವ ಮಂಜೊಟ್ಟಿ ಮುಟ್ಟಿದವು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಹಲಗೆಯಿಂದ ಚಿಮ್ಮಿದ ನೀರು ಕರೆಯ, ಎಂದರೆ ಓಟದ ಕಣದ, ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಿತೇ ಇಲ್ಲವೇ ಎನ್ನುವುದಷ್ಟೇ ಪ್ರಶ್ನೆ. ಕೋಲು ಎಂಬ ಸ್ಥಳೀಯ ಅಳತೆಯಲ್ಲಿ ನಿಶಾನೆ 6.5 ಕೋಲು ಎತ್ತರದಲ್ಲಿರುತ್ತದೆ. ಅದನ್ನು ಮೀರಿದವರಿಗೆ 7.5 ಕೋಲಿನದು. ಎರಡು ಮೂರು ಜೋಡಿ ಒಂದೇ ನಿಶಾನೆಗೆ ನೀರು ಹಾಯಿಸಿದರೆ ಸಮಾನ ಬಹುಮಾನ ಎಂದು ಘೋಷಿಸುವ ಪದ್ಧತಿಯೂ ಉಂಟು.

ಹಲಗೆ ನೋಡಲು ಸಣ್ಣದು. ದಪ್ಪ ಮರದ ತುಂಡು, ಅದರಲ್ಲಿ ಎರಡು ತೂತು. ಹಲಗೆ ಮೆಟ್ಟುವವರು ಒಂದೇ ಕಾಲನ್ನು ಅದರ ಮೇಲೂರಿ, ಇನ್ನೊಂದನ್ನು ಎತ್ತಿ ಹಿಡಿದು, ಓಡುವ ಕೋಣಗಳ ಹಿಂದೆ ಕೆಸರುನೀರಿನಲ್ಲಿ ಸಾಗುತ್ತಾರೆ. ಹಲಗೆಯಡಿ ಸಿಕ್ಕಿಕೊಂಡ ನೀರು ಮೈಭಾರಕ್ಕೂ ವೇಗಕ್ಕೂ ಒತ್ತಿಕೊಂಡು ತೂತುಗಳಿಂದ ಮೇಲಕ್ಕೆ ಹಾರುತ್ತದೆ. ಭಾರ ಮುಂದಕ್ಕೆ ಬಿದ್ದರೆ ಹಲಗೆಯ ಮೂತಿ ಕೆಸರಿಗೆ ಇಳಿಯುತ್ತದೆ. ಹಿಂದಕ್ಕೆ ಬಿದ್ದರೆ ನೀರು ಬದಿಗಳಿಂದ ಸೋರಿ ಹೋಗುತ್ತದೆ. ಅಷ್ಟೇ ಸಾಲದು, ನೀರು ತನ್ನ ಗರಿಷ್ಠ ಎತ್ತರಕ್ಕೆ ಏರಬೇಕಾದುದು ನಿಶಾನೆಯ ನೇರಕ್ಕೇ. ಒಂದು ಗಳಿಗೆ ಹೆಚ್ಚುಕಮ್ಮಿಯಾದರೂ ಅಷ್ಟು ದೂರದ ಓಟ ವ್ಯರ್ಥ. ಕಂಬಳದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕೆಲಸ ಬೇರೊಂದಿಲ್ಲ.

ಹೀಗಾಗಿ ಈ ವಿಭಾಗಕ್ಕೆ ಪಳಗಿದ ಕೆಲವರೇ ಬೇಕು. ಹಲವು ಯಜಮಾನರ ಕೋಣಗಳಿಗೆ ಹಲಗೆ ಮೆಟ್ಟಿರುವ ಬೈಂದೂರು ಭಾಸ್ಕರ ದೇವಾಡಿಗರ ಹೆಸರು ಕರಾವಳಿಯ ಕಂಬಳಪ್ರಿಯರಿಗೆಲ್ಲ ಗೊತ್ತು. ಬಹುಮಾನದ ಚಿನ್ನದ ಪವನು ಸಲ್ಲುವುದು ಕೋಣಗಳ ಯಜಮಾನರಿಗೆ. ಫಲಿತಾಂಶದ ಪಟ್ಟಿಯಲ್ಲೂ ಅವರ ಹೆಸರೇ ಮೊದಲು, ಅದರ ಕೆಳಗೆ ‘ಹಲಗೆ ಮೆಟ್ಟಿದವರು’ ಎಂಬ ಒಂದು ಸಾಲು.

ಈ ವೃತ್ತಿಯ ಕಾಲಾವಧಿ ಕಿರಿದು. ಕಂಬಳ ನಡೆಯುವುದು ಹೆಚ್ಚುಕಡಿಮೆ ನವೆಂಬರಿನಿಂದ ಏಪ್ರಿಲಿನವರೆಗೆ. ಆ ಕೆಲವು ತಿಂಗಳುಗಳೂ ಕೈತಪ್ಪಿದ್ದುಂಟು: 2016ರ ನವೆಂಬರಿನಲ್ಲಿ ಕಂಬಳಕ್ಕೆ ಹೈಕೋರ್ಟಿನ ತಡೆ ಬಿದ್ದಿತು. 2018ರ ಹೊತ್ತಿಗೆ ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾಯ್ದೆ ಬಂದರೂ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದದ್ದು 2023ರ ಮೇ 18ರಂದು. ದೇಹ ಕಸುವಿನಲ್ಲಿರುವ ವರ್ಷಗಳಲ್ಲೇ ಇಂಥ ಅನಿಶ್ಚಿತತೆ ಎದುರಾದರೆ ಆ ನಷ್ಟ ಮರಳಿ ತುಂಬುವಂಥದ್ದಲ್ಲ. ಹೊಸಬರನ್ನು ತಯಾರು ಮಾಡಲು ಗುಣಪಾಲ ಕಡಂಬರು ಕಾರ್ಕಳದ ಮಿಯ್ಯಾರಿನಲ್ಲಿ ಕಂಬಳ ಅಕಾಡೆಮಿಯ ಮೂಲಕ ತರಬೇತಿ ನಡೆಸಿದ್ದು ಈ ದೃಷ್ಟಿಯಿಂದ ದೊಡ್ಡ ಕೆಲಸ.

ವೇಗದ ವಿಭಾಗಗಳಲ್ಲಿ ಕೋಣ ಓಡಿಸುವ ಓಟಗಾರರಿಗೆ ಹೆಸರು ಬಂದದ್ದು ಗಡಿಯಾರದಿಂದ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ಅವರತ್ತ ತಿರುಗಿತು. ಅದೇ ತಿಂಗಳು ವೇಣೂರಿನಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಕ್ರಮಿಸಿದರು. ಕನೆಹಲಗೆಗೆ ಇಂಥ ಅಂಕೆ ಇಲ್ಲ. ನೀರು ನಿಶಾನೆಯನ್ನು ಮೀರಿ ಇನ್ನೆಷ್ಟು ಮೇಲೇರಿತು ಎಂಬುದು ದಾಖಲಾಗದೆ ಆ ಕ್ಷಣಕ್ಕೇ ಮುಗಿದುಹೋಗುತ್ತದೆ.

ಅಮೆರಿಕನ್ ಫುಟ್‌ಬಾಲಿನ ಪ್ಲೇಸ್‌ಕಿಕ್ಕರನದೂ ಎತ್ತರದ ಕೆಲಸವೇ. ಇಡೀ ಪಂದ್ಯದಲ್ಲಿ ಕೆಲವೇ ಸಲ ಅಂಗಣಕ್ಕಿಳಿದು, ನೆಲದಿಂದ 10 ಅಡಿ ಮೇಲಿನ ಅಡ್ಡಪಟ್ಟಿಯನ್ನು ದಾಟಿಸಿ ಎರಡು ಕಂಬಗಳ ನಡುವೆ ಚೆಂಡು ಒದೆಯುವುದು ಅವನ ಪಾಲು. ಆದರೆ ಅಲ್ಲಿ ಪ್ರತಿ ಒದೆತಕ್ಕೂ ಲೆಕ್ಕವುಂಟು. ಕಿಕ್ಕರ್ ಆಡಮ್ ವಿನಾಟಿಯೆರಿ 24 ಋತು ಆಡಿ 599 ಫೀಲ್ಡ್ ಗೋಲ್ ಹೊಡೆದದ್ದು ಇಂದಿಗೂ ಯಾರು ಬೇಕಾದರೂ ತೆರೆದು ನೋಡಬಹುದಾದ ದಾಖಲೆ. ಕನೆಹಲಗೆಯವರಿಗೂ ಅಂಥ ಪುಸ್ತಕವೊಂದು ಸಲ್ಲಬೇಕು: ಯಾವ ಕರೆ, ಯಾರ ಕೋಣ, ಯಾರು ಮೆಟ್ಟಿದ್ದು, ಎಷ್ಟು ಕೋಲು. ಕಂಬಳ ಸಮಿತಿಗಳು ಮುಂದಿನ ಋತುವಿನಿಂದಲೇ ಇದನ್ನು ಬರೆದಿಡಲಿ.