ಕುಸ್ತಿ ಕಣಗಳ ಜಾಡು ಹಿಡಿದು

ತಾವರಗೇರಾದಿಂದ ಕನಕಗಿರಿ, ಗಂಗಾವತಿ ಕಡೆಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಎರಡೇ: ಕೆಲಸ ಇದೆ, ಇಲ್ಲವೇ ಅಂಜನಾದ್ರಿಗೆ, ಹಂಪಿಗೆ. ನಾನು ಈ ರಸ್ತೆಯಲ್ಲಿ ಓಡಾಡುವುದು ಮೂರನೆಯ ಕಾರಣಕ್ಕೆ. ಹಳೆಯ ಕುಸ್ತಿ ಕಣಗಳನ್ನು ಹುಡುಕಿಕೊಂಡು ಹೋಗುವ ಹುಚ್ಚು ನನ್ನದು. ಗುಡಿಗೆ, ಕೋಟೆಗೆ, ಪುಷ್ಕರಣಿಗೆ ಫಲಕ ನೆಟ್ಟಿದ್ದಾರೆ. ಪೈಲ್ವಾನರು ಬೆವರು ಸುರಿಸಿದ ಮಣ್ಣಿಗೆ ಫಲಕವಿಲ್ಲ. ಆದರೂ ಅದನ್ನು ಓದಬಹುದು. ನೋಡುವವರು ಎಲ್ಲಿ ಕೂತಿದ್ದರು ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಅದು ಗೊತ್ತಾದರೆ ಆಟ ಯಾರಿಗಾಗಿ ನಡೆಯುತ್ತಿತ್ತು, ಕಣ ಎಷ್ಟು ದೊಡ್ಡದಿತ್ತು, ಯಾರ ಮಾತು ನಡೆಯುತ್ತಿತ್ತು, ಎಲ್ಲವೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಗರಡಿಮನೆಯಿಂದಲೇ ಶುರು ಮಾಡಬೇಕು, ಏಕೆಂದರೆ ಅಲ್ಲಿ ನೋಡುವವರಿಗೆ ಜಾಗವೇ ಇಲ್ಲ. ಹಳೆಯ ಗರಡಿಗಳ ಬಾಗಿಲು ಗಿಡ್ಡ, ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆಯಲ್ಲಿ ಹನುಮಪ್ಪ, ಮೂಲೆಯಲ್ಲಿ ಗದೆ, ಕರೇಲಾ, ಎತ್ತುವ ಗುಂಡು. ಉಳಿದದ್ದೆಲ್ಲ ಮಣ್ಣು. ಆ ಮಣ್ಣನ್ನು ಹದಗೊಳಿಸುವುದೇ ಒಂದು ವಿದ್ಯೆ. ಕೆಮ್ಮಣ್ಣನ್ನು ಜರಡಿ ಹಿಡಿದು ಹರಳು ತೆಗೆಯುತ್ತಾರೆ. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ, ಕರ್ಪೂರ ಬೆರೆಸುತ್ತಾರೆ. ಗುದ್ದಲಿ ಹಾಕಿ ಕೆದಕುತ್ತಲೇ ಇರಬೇಕು, ನಾಲ್ಕು ದಿನ ಬಿಟ್ಟರೆ ಬಿಗಿದುಕೊಳ್ಳುತ್ತದೆ. ಹದಕ್ಕೆ ಬಂದ ಮಣ್ಣು ಮುಷ್ಟಿಯಲ್ಲಿ ಉಂಡೆಯಾಗುತ್ತದೆ, ಬೆರಳು ಸಡಿಲಿಸಿದರೆ ಉದುರುತ್ತದೆ. ಜೋಡಿಗೆ ಇಳಿಯುವವನು ಅದನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ, ಬೆವರಿಗೆ ಹಿಡಿತ ಜಾರದಿರಲೆಂದು ಎದುರಾಳಿಯ ಹೆಗಲಿಗೂ ಒಂದು ಹಿಡಿ ಎರಚುತ್ತಾನೆ. ಹಿಡಿಯಲು ಅನುಕೂಲವಾಗುವಂತೆ ಒಬ್ಬರಿಗೊಬ್ಬರು ಮೈಕೊಡುವ ಈ ರೀತಿಯನ್ನು ನಾನು ಎಷ್ಟು ಸಲ ನೋಡಿದರೂ ತಣಿಯುವುದಿಲ್ಲ.

ಈ ವಿದ್ಯೆಗೆ ನಮ್ಮ ಸೀಮೆಯಲ್ಲಿ ಹಳೆಯ ಬೇರಿದೆ. ಇಟಗಿಯ ಮಹಾದೇವ ದೇವಾಲಯ 1112ರದು. ಅದಾದ ಕೆಲವೇ ವರ್ಷಗಳಲ್ಲಿ, 1126ರಿಂದ 1138ರವರೆಗೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಈ ನಾಡನ್ನು ಆಳಿದ. ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಅಧ್ಯಾಯವಿದೆ. ಮಲ್ಲರನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ, ಅವರು ಮಾಡಬೇಕಾದ ಸಾಮನ್ನು ಹೆಸರಿಟ್ಟು ಹೇಳುತ್ತಾನೆ: ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಕೊನೆಯದರಲ್ಲಿ ಮಲ್ಲಕಂಬದ ಮೊದಲ ದಾಖಲೆಯನ್ನು ಗುರುತಿಸುತ್ತಾರೆ. ಒಬ್ಬ ದೊರೆ ಕುಳಿತು ಪೈಲ್ವಾನರ ದಿನಚರಿಯನ್ನು ಇಷ್ಟು ಅಕ್ಕರೆಯಿಂದ ಬರೆದಿಟ್ಟಿದ್ದಾನೆ ಎಂಬ ಹೆಮ್ಮೆ ಈ ದಾರಿಯುದ್ದಕ್ಕೂ ನನ್ನ ಜೊತೆಗಿರುತ್ತದೆ.

ಕನಕಗಿರಿಯ ಕನಕಾಚಲಪತಿಗೆ ಕೈಮುಗಿದು ಮುಂದೆ ಹೋದರೆ ಜೋಳ, ಸಜ್ಜೆಯ ಬೆದ್ದಲು ಹಿಂದೆ ಸರಿಯುತ್ತದೆ, ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಹಸಿರು ಎದುರಾಗುತ್ತದೆ. ಗಂಗಾವತಿ ದಾಟಿ ಆನೆಗೊಂದಿ ಕಡೆ ತಿರುಗಿದಿರೋ, ನೀವು ಕಿಷ್ಕಿಂಧೆಯಲ್ಲಿದ್ದೀರಿ. ಅಂಜನಾದ್ರಿ ಹನುಮಪ್ಪ ಹುಟ್ಟಿದ ಬೆಟ್ಟವೆಂದು ಜನ ನಂಬುತ್ತಾರೆ. ಗರಡಿಯಲ್ಲಿ ದೀಪ ಹಚ್ಚುವುದು ಅವನಿಗೇ. ವಾಲಿ ಸುಗ್ರೀವರು ತೋಳಿಗೆ ತೋಳು ಕೊಟ್ಟು ಸೆಣಸಿದ್ದೂ ಈ ಬಂಡೆಗಳ ನಡುವೆಯೇ. ಆ ಜೋಡಿಯನ್ನು ನೋಡುತ್ತಿದ್ದವನು ಮರದ ಮರೆಯಲ್ಲಿ ನಿಂತಿದ್ದ. ನ್ಯಾಯವಾಗಿ ನಡೆಯಬೇಕಾದ ಕುಸ್ತಿಯಲ್ಲಿ ನೋಡುವವನೇ ಕೈಹಾಕಿದರೆ ಏನಾಗುತ್ತದೆ ಎಂದು ಯೋಚಿಸಲು ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.

ಹೊಳೆ ದಾಟಿ ಹಂಪಿಗೆ ಬಂದವರೆಲ್ಲ ಮಹಾನವಮಿ ದಿಬ್ಬ ಹತ್ತುತ್ತಾರೆ. ನಾನು ಹತ್ತುವ ಮುಂಚೆ ಬುಡದ ಸುತ್ತ ನಡೆಯುತ್ತೇನೆ. ಕಲ್ಲಿನ ಅಡ್ಡಪಟ್ಟಿಗಳಲ್ಲಿ ಆನೆ, ಕುದುರೆ, ಒಂಟೆ, ಬೇಟೆಗಾರರು, ಕೋಲಾಟದವರು, ನಡುನಡುವೆ ಕುಸ್ತಿಯ ಜೋಡಿಗಳು. ಒಂದು ಜೋಡಿಯ ಎದುರು ಕುಕ್ಕರಗಾಲಲ್ಲಿ ಕೂತು ನೋಡಬೇಕು. ಬಗ್ಗಿದ ಮೊಣಕಾಲು, ಒಬ್ಬನ ಮೇಲೊಬ್ಬ ಹಾಕಿದ ತೋಳು, ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದ ತಲೆಗಳು. ಶಿಲ್ಪಿ ಮುಖಕ್ಕಿಂತ ಭಾರವನ್ನು ಚೆನ್ನಾಗಿ ಕಡೆದಿದ್ದಾನೆ. ಯಾವ ಕಾಲ ಮೇಲೆ ಮೈಭಾರ ಬಿದ್ದಿದೆ ಎಂಬುದು ಗರಡಿ ಕಂಡ ಕಣ್ಣಿಗೆ ಕೂಡಲೇ ತಿಳಿಯುತ್ತದೆ.

ಆಮೇಲೆ ಮೇಲೆ ಹತ್ತಿ ಸುತ್ತಲಿನ ಬಯಲಿನತ್ತ ಮುಖ ಮಾಡಿ. ಕಣ ಇದ್ದದ್ದು ಅಲ್ಲಿ. ದಿಬ್ಬವೆಂದರೆ ದೊರೆ ಕೂತು ನೋಡುತ್ತಿದ್ದ ಜಾಗ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಇಲ್ಲಿನ ನವರಾತ್ರಿಯ ಕುಸ್ತಿಯನ್ನು ಕಣ್ಣಾರೆ ಕಂಡವನು. ಹಲ್ಲು ಉದುರುವಂಥ, ಮಾತು ನಿಂತುಹೋದವನನ್ನು ಗೆಳೆಯರು ಎತ್ತಿಕೊಂಡು ಹೋಗುವಂಥ ಹೊಡೆತಗಳ ಬಗ್ಗೆ ಬರೆದಿದ್ದಾನೆ. ಅದರ ಜೊತೆಗೇ, ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸಲು, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಲು ತೀರ್ಪುಗಾರರಿದ್ದರು ಎಂಬುದನ್ನೂ ಗಮನಿಸಿದ್ದಾನೆ. ಈ ಎರಡನೆಯ ಮಾತು ನನಗೆ ಹೆಚ್ಚು ಬೆಲೆಯದು.

ಕೃಷ್ಣದೇವರಾಯನ ಸಾಮಿನ ಬಗ್ಗೆಯೂ ಪಾಯೆಸ್ ಬರೆದಿದ್ದಾನೆ. ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ಹಚ್ಚಿಸಿಕೊಂಡು, ಸೊಂಟಕ್ಕೊಂದು ಚಿಕ್ಕ ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸಿ, ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಹಿಡಿದು, ಆಮೇಲೆ ಕುದುರೆ ಏರುತ್ತಿದ್ದ. ದಿಬ್ಬದ ಮೇಲೆ ಕೂತು ನೋಡುತ್ತಿದ್ದವನಿಗೆ ಮಣ್ಣಿನ ರುಚಿ ಗೊತ್ತಿತ್ತು. ಆಟ ಬಲ್ಲವನು ನೋಡುವ ನೋಟವೇ ಬೇರೆ, ಅವನೆದುರು ಆಡುವವನ ಹುರುಪೂ ಬೇರೆ.

1565ರ ಯುದ್ಧದ ನಂತರ ಈ ಬಯಲು ಬರಿದಾಯಿತು. ಬರಿದಾದ ಬಯಲಿಗೆ ಹೋಗಿ ನೋಡುವುದೇನಿದೆ ಎಂದು ಕೇಳುವವರಿಗೆ ನಾನು ಅಮೆರಿಕದ ಪಿಟ್ಸ್‌ಬರ್ಗ್‌ನ ಮಾತು ಹೇಳುತ್ತೇನೆ. ಅಲ್ಲಿ 1909ರಲ್ಲಿ ತೆರೆದ ಫೋರ್ಬ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನವಿತ್ತು. ಅದನ್ನು ಕೆಡವಿ ಅರ್ಧ ಶತಮಾನ ಕಳೆದಿದೆ, ಇಟ್ಟಿಗೆ ಗೋಡೆಯ ಒಂದು ಭಾಗ ಉಳಿದಿದೆ. 1960ರ ಅಕ್ಟೋಬರ್ 13ರಂದು ಬಿಲ್ ಮಜೆರೋಸ್ಕಿ ಅಲ್ಲಿ ಹೊಡೆದ ಒಂದು ಹೊಡೆತದಿಂದ ಊರಿನ ತಂಡ 10-9ರಲ್ಲಿ ಗೆದ್ದಿತು. ಪ್ರತಿವರ್ಷ ಅದೇ ದಿನ ಜನ ಆ ಗೋಡೆಯ ಹತ್ತಿರ ಸೇರಿ, ಅಂದಿನ ರೇಡಿಯೋ ವೀಕ್ಷಕ ವಿವರಣೆಯನ್ನು ಮತ್ತೆ ಕೇಳುತ್ತಾರೆ. ಫಲಿತಾಂಶ ಎಲ್ಲರಿಗೂ ಗೊತ್ತು, ಆದರೂ ಚಪ್ಪಾಳೆ ಬೀಳುತ್ತದೆ. ಆಟ ಮುಗಿದರೂ ಅದು ನಡೆದ ಜಾಗಕ್ಕೆ ಋಣ ತೀರುವುದಿಲ್ಲ ಎಂದು ಅವರು ಬಲ್ಲರು.

ನಮ್ಮ ಬಯಲಿನ ಆಟವಾದರೋ ಪೂರ್ತಿ ಮುಗಿಯಲೂ ಇಲ್ಲ. ಪಾಯೆಸ್‌ನ ನಂತರ ಬಂದ ಕುದುರೆ ವ್ಯಾಪಾರಿ ಫರ್ನಾವೋ ನೂನಿಜ್, ಮೊನೆಗಳಿದ್ದ ಬಳೆಯಂಥ ಆಯುಧವನ್ನು ಕೈಯಲ್ಲಿ ಹಿಡಿದು ಹೊಡೆದಾಡುವ ಮಲ್ಲರನ್ನು ವಿಜಯನಗರದ ನವರಾತ್ರಿಯಲ್ಲಿ ಕಂಡಿದ್ದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿ ಉತ್ಸವ ಆರಂಭಿಸಿ ವಿಜಯನಗರದ ಪರಂಪರೆಯನ್ನು ಮುಂದುವರಿಸಿದರು. ಇಂದಿಗೂ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿ, ಜುಟ್ಟು ಬಿಟ್ಟ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲಿಸುತ್ತಾರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಂಪಿಯ ಬಯಲು ನೋಡಿ ಬಂದವರು ಇದನ್ನು ನೋಡಿದರೆ, ನೂನಿಜ್‌ನ ಬರಹಕ್ಕೆ ಉಸಿರು ಬಂದಂತೆ ಅನಿಸುತ್ತದೆ.

ಇನ್ನೊಂದು ದಾರಿ ತಾವರಗೇರಾದಿಂದ ಪಡುವಣಕ್ಕೆ, ಕುಷ್ಟಗಿ ಮೇಲೆ ಹಾದು ಕೊಲ್ಲಾಪುರದ ತನಕ. ನಡುವೆ ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಇಳಿಯಲೇಬೇಕು. 1959ರಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ಮೊಟ್ಟಮೊದಲ ಹಿಂದ್ ಕೇಸರಿ ಎನಿಸಿದ ಶ್ರೀಪತಿ ಖಂಚನಾಳೆಯವರ ಊರು ಅದು. ಅವರು ಪಳಗಿದ್ದು ಕೊಲ್ಲಾಪುರದ ಮಣ್ಣಿನಲ್ಲಿ. ಅಲ್ಲಿನ ಖಾಸಬಾಗ್ ಮೈದಾನವನ್ನು ಕಂಡಾಗ ನೋಡುವವರು ಎಲ್ಲಿ ಕೂತಿದ್ದರು ಎಂಬ ಪ್ರಶ್ನೆಗೆ ಹಂಪಿಯದಕ್ಕೆ ತಿರುವುಮುರುವಾದ ಉತ್ತರ ಸಿಗುತ್ತದೆ. ಅಲ್ಲಿನ ದೊರೆ ಶಾಹೂ ಮಹಾರಾಜರು 1902ರ ವಿಲಾಯತಿ ಪ್ರವಾಸದಲ್ಲಿ ರೋಮಿನ ಕೊಲೋಸಿಯಂ ನೋಡಿದ್ದರು. 1912ರಲ್ಲಿ ತೆರೆದ ಈ ಮೈದಾನವನ್ನು ಬೋಗುಣಿಯಂತೆ ಕಟ್ಟಿಸಿದರು: ನಡುವೆ ಕೆಮ್ಮಣ್ಣಿನ ಕಣ, ಸುತ್ತ ಇಳಿಜಾರಿನಲ್ಲಿ ಸಾವಿರಾರು ಜನ. ಹಂಪಿಯಲ್ಲಿ ದೊರೆ ಕೂರುವ ಜಾಗವನ್ನು ಎತ್ತರಿಸಿದ್ದರು. ಇಲ್ಲಿ ದೊರೆಯೇ ನೆಲ ತಗ್ಗಿಸಿ ಜನರನ್ನೆಲ್ಲ ಎತ್ತರದಲ್ಲಿ ಕೂರಿಸಿದ. ಕೊನೆಯ ಸಾಲಿನಲ್ಲಿ ಕೂತವನಿಗೂ ಪಟ್ಟು ಬಿದ್ದದ್ದು, ಚಿತ್ ಆದದ್ದು ನಿಚ್ಚಳ. ಆ ಇಳಿಜಾರಿನಲ್ಲಿ ಕೂತಾಗ ಶಾಹೂ ಮಹಾರಾಜರ ಮೇಲೆ ನನಗೆ ಉಕ್ಕುವ ಪ್ರೀತಿ, ಯಾವ ಅರಮನೆಯನ್ನು ಕಂಡಾಗಲೂ ಉಕ್ಕಿದ್ದಿಲ್ಲ.

ಇವೆಲ್ಲವನ್ನೂ ನೋಡಿ ಬಂದ ಮೇಲೆ ನಮ್ಮ ಕಡೆಯ ಜಾತ್ರೆಯ ಕುಸ್ತಿಗೆ ಹೊಸ ಕಣ್ಣು ಬರುತ್ತದೆ. ಅಲ್ಲಿ ಕಟ್ಟೆಯೂ ಇಲ್ಲ, ಗೋಡೆಯೂ ಇಲ್ಲ. ಹಲಗಿ ಬಾರಿಸುತ್ತಲೇ ಮುಂದಿನ ಸಾಲು ನೆಲಕ್ಕೆ ಕೂರುತ್ತದೆ, ಹಿಂದಿನವರು ನಿಲ್ಲುತ್ತಾರೆ, ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಹುಡುಗರು ಏರುತ್ತಾರೆ. ನೋಡುವವರೇ ದುಂಡಗೆ ಸೇರಿ ಕಣ ಕಟ್ಟುತ್ತಾರೆ. ಒಬ್ಬನ ಬೆನ್ನು ನೆಲಕ್ಕೆ ಹತ್ತುವ ತನಕ ಬಿಡದ ಜಂಗಿ ನಿಕಾಲಿ ಜೋಡಿ ಬಿದ್ದರಂತೂ ಆ ಗುಂಪು ಉಸಿರು ಬಿಗಿಹಿಡಿಯುತ್ತದೆ. ಮರುದಿನ ಅಲ್ಲಿ ಏನೂ ಇರುವುದಿಲ್ಲ. ಮುಂದಿನ ಜಾತ್ರೆಗೆ ಕಣ ಮತ್ತೆ ಏಳಬೇಕಾದರೆ ವರ್ಷವಿಡೀ ಊರ ಗರಡಿಯಲ್ಲಿ ಮಣ್ಣು ಕೆದಕುವ ಕೈಗಳು ಇರಬೇಕು. ಕಲ್ಲಿನ ದಿಬ್ಬ ಯಾರ ಹಂಗೂ ಇಲ್ಲದೆ ಐದು ಶತಮಾನ ನಿಂತಿತು, ಮಣ್ಣಿಗೆ ಆ ಶಕ್ತಿಯಿಲ್ಲ. ಆದ್ದರಿಂದ ಹಂಪಿಗೋ ಕೊಲ್ಲಾಪುರಕ್ಕೋ ಹೊರಡುವ ಮುಂಚೆ ನಿಮ್ಮೂರಿನ ಗರಡಿಯ ಮುಂದೆ ಒಂದು ಗಳಿಗೆ ನಿಲ್ಲಿ. ಬಾಗಿಲಿಗೆ ಬೀಗ ಬಿದ್ದಿದ್ದರೆ, ಕೀಲಿ ಯಾರ ಹತ್ತಿರ ಇದೆ ಎಂದು ವಿಚಾರಿಸಿ, ತೆಗೆಸಿ.