ದಾಸಾಚಾರ್ಯನ ಹಸಿವು

ಅನಂತಮೂರ್ತಿಯವರ ‘ಸಂಸ್ಕಾರ’ದ (1965) ದಾಸಾಚಾರ್ಯನನ್ನು ಹೊಟ್ಟೆಬಾಕನೆಂದು ನಕ್ಕು ಮುಂದೆ ಹೋಗುವ ಓದು ನನಗೆ ಒಪ್ಪಿಗೆಯಿಲ್ಲ. ಅವನು ತಿಥಿಯೂಟಗಳನ್ನೇ ನಂಬಿದ ಬಡವ. ನಾರಣಪ್ಪನ ಶವಸಂಸ್ಕಾರ ಆಗುವವರೆಗೆ ಅಗ್ರಹಾರ ಉಣ್ಣುವಂತಿಲ್ಲ. ತಾಳಲಾರದೆ ಅವನು ಗುಟ್ಟಾಗಿ ಪಾರಿಜಾತಪುರದ ಮಂಜಯ್ಯನ ಮನೆಯಲ್ಲಿ ತಿನ್ನುತ್ತಾನೆ. ಇದು ಬರೀ ಚಪಲವೇ?

ಅಮೆರಿಕದ ಮಿನೆಸೋಟದಲ್ಲಿ 1945ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ, ಸ್ವಇಚ್ಛೆಯಿಂದ ಬಂದ 36 ಆರೋಗ್ಯವಂತ ಯುವಕರು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರಿಗೂ ಸದಾ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತ ಕೂತರು.

ತೂಕ ಇಳಿಸಲೆಂದು ಹಗಲು ಊಟ ಬಿಟ್ಟು ರಾತ್ರಿ ತಿಂಡಿ ಡಬ್ಬಿ ತಡಕುವವರಿಗೆ ಮನೋಬಲವಿಲ್ಲ ಎನ್ನುತ್ತೇವೆ. ಅದಕ್ಕೂ ಮುಂಚೆ ದಾಸಾಚಾರ್ಯನನ್ನು ಇನ್ನೊಮ್ಮೆ ಓದಬೇಕು: ಕಟ್ಟು ಬಿಗಿಯಾದಷ್ಟೂ ಹಸಿವು ಕಳ್ಳದಾರಿ ಹಿಡಿಯುತ್ತದೆ, ನಾಚಿಕೆ ಮಾತ್ರ ಹಸಿದವನ ಪಾಲಿಗೆ ಉಳಿಯುತ್ತದೆ.