ಕುರ್‌ಆನಿನ ಕಡಲಿಗೆ ಪ್ರಮಾಣಪತ್ರ ಬೇಕೆ?

ಫ್ರೆಂಚ್ ವೈದ್ಯ ಮೊರೀಸ್ ಬುಕಾಯ್ ಬೈಬಲ್, ಕುರ್‌ಆನ್ ಮತ್ತು ವಿಜ್ಞಾನವನ್ನು ಎದುರುಬದುರಿಟ್ಟು ಪುಸ್ತಕ ಬರೆದದ್ದು 1976ರಲ್ಲಿ. ಆಧುನಿಕ ವಿಜ್ಞಾನ ಈಗ ಕಂಡುಕೊಂಡದ್ದು ಏಳನೇ ಶತಮಾನದಲ್ಲೇ ಕುರ್‌ಆನಿನಲ್ಲಿತ್ತು, ಆದ್ದರಿಂದ ಅದು ದೇವವಾಣಿ ಎಂಬ ವಾದಸರಣಿಗೆ ಆ ಪುಸ್ತಕ ಹೊಸ ಬಲ ಕೊಟ್ಟಿತು. ಝಾಕಿರ್ ನಾಯಕ್ ಅವರ ಭಾಷಣಗಳವರೆಗೂ ಹರಿದುಬಂದ ಈ ಪರಂಪರೆಗೆ ಕಡಲು ಬಲು ಪ್ರಿಯವಾದ ವಿಷಯ. ಎರಡು ಸಮುದ್ರಗಳು ಕೂಡುತ್ತವೆ, ಆದರೂ ನಡುವೆ ಒಂದು ತಡೆಯಿದ್ದು ಮೇರೆ ಮೀರುವುದಿಲ್ಲ ಎನ್ನುತ್ತದೆ ಅರ್-ರಹ್ಮಾನ್ ಅಧ್ಯಾಯ. ಇದು ಜಿಬ್ರಾಲ್ಟರ್ ಜಲಸಂಧಿಯದೇ ವರ್ಣನೆ ಎಂದು ವಾದಿಗಳು ಹೇಳುತ್ತಾರೆ.

ಜಿಬ್ರಾಲ್ಟರಿನಲ್ಲಿ ನಡೆಯುವುದಾದರೂ ಏನು? ಬಿಸಿಲಿಗೆ ನೀರು ಆವಿಯಾಗಿ ಮೆಡಿಟರೇನಿಯನ್ ಹೆಚ್ಚು ಉಪ್ಪಾಗಿದೆ. ಅಲ್ಲಿ ಕಿಲೋ ನೀರಿಗೆ ಸುಮಾರು 38 ಗ್ರಾಂ ಉಪ್ಪಿದ್ದರೆ ಅಟ್ಲಾಂಟಿಕ್ ಕಡೆ ಸುಮಾರು 36 ಗ್ರಾಂ. ಹಗುರವಾದ ಅಟ್ಲಾಂಟಿಕ್ ನೀರು ಮೇಲಿನಿಂದ ಒಳಗೆ ಬರುತ್ತದೆ, ಭಾರವಾದ ಉಪ್ಪುನೀರು ತಳದಲ್ಲಿ ಹೊರಗೆ ಹೋಗುತ್ತದೆ. ಹೊರಬಿದ್ದ ನೀರು ಸುಮಾರು 1000 ಮೀಟರ್ ಆಳಕ್ಕಿಳಿದು ಅಟ್ಲಾಂಟಿಕ್‌ನಲ್ಲಿ ಬಹುದೂರ ಹರಡುತ್ತದೆ, ಬೆರೆಯುತ್ತದೆ. ಅಲ್ಲಿ ಗೋಡೆಯಿಲ್ಲ, ಇರುವುದು ನಿಧಾನವಾದ ಬೆರಕೆ. ಪ್ರಚಾರದ ಕಿರುಹೊತ್ತಿಗೆಗಳು ಪದರಗಳ ಚಿತ್ರ ತೋರಿಸಿ ಬೆರಕೆಯ ಮಾತನ್ನು ಬಿಟ್ಟುಬಿಡುತ್ತವೆ.

ಇಂಥ ಎದುರುಬದುರು ಹರಿವುಗಳ ಗುಟ್ಟು ಬಿಡಿಸುವುದರಲ್ಲಿ ಇಟಲಿಯ ಲುಯಿಗಿ ಮಾರ್ಸಿಲಿಯ ಪಾಲು ದೊಡ್ಡದು. ಇಸ್ತಾಂಬುಲಿನ ಬಾಸ್ಫರಸ್‌ನಲ್ಲಿ ತಳದ ನೀರು ಎದುರುದಿಕ್ಕಿಗೆ ಹರಿಯುತ್ತದೆ ಎಂಬುದು ಅಲ್ಲಿನ ಮೀನುಗಾರರಿಗೆ ಗೊತ್ತಿತ್ತು. ಮಾರ್ಸಿಲಿ ಬಿಳಿ ಬಣ್ಣ ಬಳಿದ ಬಿರಡೆ ತುಂಡುಗಳನ್ನು ಹಗ್ಗಕ್ಕೆ ಪೋಣಿಸಿ ನೀರಿಗಿಳಿಸಿದ. ಮೇಲಿನ ತುಂಡುಗಳು ಒಂದು ಕಡೆಗೆ, ಕೆಳಗಿನವು ಇನ್ನೊಂದು ಕಡೆಗೆ ವಾಲಿದವು. ನಂತರ ನಡುವೆ ಅಡ್ಡಗೋಡೆಯಿದ್ದ ತೊಟ್ಟಿಯಲ್ಲಿ ಉಪ್ಪು ಹೆಚ್ಚು-ಕಡಿಮೆಯಿದ್ದ ಎರಡು ಬಗೆಯ ನೀರು ತುಂಬಿ, ಗೋಡೆಯ ರಂಧ್ರಗಳ ಮೂಲಕ ಅದೇ ಹರಿವನ್ನು ತೋರಿಸಿ, 1681ರಲ್ಲಿ ಪ್ರಕಟಿಸಿದ.

ಹತ್ತನೇ ಶತಮಾನದ ಮಹಾವ್ಯಾಖ್ಯಾನಕಾರ ಅಲ್-ತಬರಿ ಎರಡು ಸಮುದ್ರಗಳ ಆ ವಚನಕ್ಕೆ ಹಲವು ಅಭಿಪ್ರಾಯಗಳನ್ನು ದಾಖಲಿಸಿದ್ದಾನೆ: ಆಕಾಶದ ಕಡಲು ಮತ್ತು ಭೂಮಿಯ ಕಡಲು, ಪರ್ಶಿಯಾದ ಕಡಲು ಮತ್ತು ರೋಮಿನ ಕಡಲು. ಸಾಂದ್ರತೆಯ ಪದರಗಳು ಅವನಿಗೆ ಹೊಳೆಯಲಿಲ್ಲ. ಅರಬ್ಬಿಯನ್ನೇ ಉಸಿರಾಡಿದ ವಿದ್ವಾಂಸರಿಗೆ ಕಾಣದ ಅರ್ಥ, ಪ್ರಯೋಗಾಲಯ ಹೇಳಿದ ಮೇಲೆ ಮಾತ್ರ ಕಾಣುತ್ತದೆಂದರೆ ಅದನ್ನು ಮುನ್ಸೂಚನೆ ಎನ್ನಲಾಗದು. ಈ ಪರಂಪರೆಯ ದೊಡ್ಡ ದೌರ್ಬಲ್ಯವಿದು.

ಅನ್-ನೂರ್ ಅಧ್ಯಾಯದ ವಚನಕ್ಕೆ ಆದ ಅನ್ಯಾಯ ಇನ್ನೂ ನೋವಿನದು. ಆಳ ಕಡಲು, ಅಲೆಯ ಮೇಲೆ ಅಲೆ, ಅದರ ಮೇಲೆ ಮೋಡ, ಚಾಚಿದ ಕೈಯೂ ಕಾಣದ ಕತ್ತಲು: ಸತ್ಯವನ್ನು ನಿರಾಕರಿಸಿದವನ ಒಳಗಿನ ಸ್ಥಿತಿಗೆ ಕೊಟ್ಟ ಉಪಮೆಯಿದು. ಬಿರುಗಾಳಿಯ ರಾತ್ರಿ ಕಂಡ ಯಾವ ನಾವಿಕನ ಎದೆಯೂ ಇದಕ್ಕೆ ನಡುಗೀತು. ಅದನ್ನು ವಾದಿಗಳಂತೆ ನೀರಿನ ಪದರಗಳ ನಡುವೆ ಏಳುವ ಆಂತರಿಕ ಅಲೆಗಳ ಪಾಠವಾಗಿಸಿದರೆ ಆ ನಡುಕ ಉಳಿಯುವುದಿಲ್ಲ.

ಪುರಾವೆ ಒದಗಿಸಿದ ರೀತಿಯೂ ನೇರವಾಗಿರಲಿಲ್ಲ. ಯೆಮೆನಿನ ಅಬ್ದುಲ್ ಮಜೀದ್ ಅಲ್-ಝಿಂದಾನಿ 1980ರ ದಶಕದಲ್ಲಿ ಪಾಶ್ಚಾತ್ಯ ವಿಜ್ಞಾನಿಗಳನ್ನು ಸಮ್ಮೇಳನಗಳಿಗೆ ಕರೆಸಿ ಅವರ ಮಾತುಗಳನ್ನು ಚಿತ್ರೀಕರಿಸಿದರು. ಅವರಲ್ಲೊಬ್ಬರಾದ ಸಾಗರವಿಜ್ಞಾನಿ ವಿಲಿಯಂ ಹೇ, ತಾನು ಬಲೆಗೆ ಬಿದ್ದೆ ಎಂದು 2002ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ಗೆ ಹೇಳಿದರು. ಫ್ರಾನ್ಸಿನ ಸಾಗರಶೋಧಕ ಝಾಕ್ ಕುಸ್ತೋ ಎರಡು ಸಮುದ್ರಗಳ ವಚನದಿಂದ ಮುಸ್ಲಿಮರಾದರೆಂಬ ಕಥೆಯನ್ನು ಅವರ ಸಂಸ್ಥೆಯೇ ಅಲ್ಲಗಳೆದಿತ್ತು. 1997ರಲ್ಲಿ ಅವರ ಅಂತಿಮ ಪ್ರಾರ್ಥನೆ ನಡೆದದ್ದು ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನಲ್ಲಿ.

ಇಂಥ ಹಂಬಲ ಒಂದೇ ಧರ್ಮದ್ದಲ್ಲ. ಪ್ರಾಚೀನ ಸಂಸ್ಕೃತ ಗ್ರಂಥವೆಂದು ಹೇಳಲಾಗುವ ವೈಮಾನಿಕ ಶಾಸ್ತ್ರದ ವಿಮಾನಗಳು ಹಾರಲಾರವು, ಆ ಗ್ರಂಥ ಪ್ರಾಚೀನವೂ ಅಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1974ರಲ್ಲೇ ತೋರಿಸಿದರು. ಇಸ್ಲಾಮಿನೊಳಗೂ ವಿರೋಧಕ್ಕೆ ಕೊರತೆಯಿಲ್ಲ. ಕುರ್‌ಆನಿನಲ್ಲಿ ಎಲ್ಲ ವಿದ್ಯೆಗಳನ್ನು ಹುಡುಕುವುದನ್ನು ಆಂದಲೂಸಿಯಾದ ಅಲ್-ಶಾತಿಬಿ ಹದಿನಾಲ್ಕನೇ ಶತಮಾನದಲ್ಲೇ ಒಪ್ಪಲಿಲ್ಲ. ನಮ್ಮ ಕಾಲದಲ್ಲಿ ಅಲ್ಜೀರಿಯಾದ ಖಗೋಳವಿಜ್ಞಾನಿ ನಿಧಾಲ್ ಗೆಸ್ಸೂಮ್ ಈ ವಾದವನ್ನು ವಿವರವಾಗಿ ಟೀಕಿಸಿದ್ದಾರೆ.

ಈ ಗದ್ದಲದಲ್ಲಿ ಮರೆಗೆ ಸರಿದದ್ದು ಮುಸ್ಲಿಮರ ನಿಜವಾದ ಸಾಗರಜ್ಞಾನ. ಸೋಮನಾಥದ ಉಬ್ಬರವಿಳಿತಕ್ಕೂ ಚಂದ್ರನಿಗೂ ಇರುವ ನಂಟನ್ನು ಅಲ್-ಬಿರೂನಿ ಹನ್ನೊಂದನೇ ಶತಮಾನದಲ್ಲಿ ಬರೆದಿಟ್ಟ. ಜುಲ್ಫಾರಿನ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಹದಿನೈದನೇ ಶತಮಾನದ ಕೊನೆಯಲ್ಲಿ ನಾವಿಕರಿಗಾಗಿ ಕೈಪಿಡಿ ಬರೆದ. ನಕ್ಷತ್ರದ ಎತ್ತರವನ್ನು ಬೆರಳಿನ ಅಳತೆಯಲ್ಲಿ ಹಿಡಿಯುವ ಬಗೆ, ಮುಂಗಾರು ನೋಡಿ ಹಡಗು ಬಿಡುವ ದಿನಗಳು, ಭಾರತದ ಪಡುವಣ ಕರಾವಳಿಗೆ ಬರುವ ದಾರಿ ಎಲ್ಲವೂ ಅದರಲ್ಲಿವೆ. ಜಿ. ಆರ್. ಟಿಬೆಟ್ಸ್ 1971ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಆ ದಾರಿಯ ಭಾಗವಾದರೂ ಕನ್ನಡಕ್ಕೆ ಬರಬೇಕು. ಅರಬ್ಬರ ಹಡಗುಗಳು ನಮ್ಮ ಕರಾವಳಿಗೆ ಬಂದು ಹೋದದ್ದು ಆ ವಿದ್ಯೆಯ ಬಲದಿಂದಲೇ.